ಮುಖದ ಮೇಲೆ ಬೀಳುವ ಬೆಳಕು

ನಮ್ಮ ಮನೆಗೆ ಏನಾದರೂ ಸಾಮಾನು ಬೇಕಾದರೆ ಮೊದಲು ನಾನು ತೀರ್ಮಾನ ಮಾಡುತ್ತೇನೆ, ಆಮೇಲೆ ಇವರನ್ನು ಕೇಳುತ್ತೇನೆ. ಮೂವತ್ತಾರು ವರ್ಷದಿಂದ ನಡೆದು ಬಂದ ಪದ್ಧತಿ ಇದು. ಇವರು "ನಿನ್ನಿಷ್ಟ" ಅನ್ನುತ್ತಾರೆ, ನಾನು "ಆಮೇಲೆ ನನ್ನ ಮೇಲೆ ಹೇಳಬೇಡಿ" ಅನ್ನುತ್ತೇನೆ, ಸಾಮಾನು ಮನೆಗೆ ಬರುತ್ತದೆ. ಆ ಸೋಮವಾರ ಮಧ್ಯಾಹ್ನ ಊಟದ ತಟ್ಟೆ ಇವರ ಮುಂದೆ ಇಡುತ್ತಾ ಲಾಟೀನಿನ ಮಾತು ತೆಗೆದಾಗಲೂ ಅದು ಆಗಲೇ ಮುಗಿದುಹೋದ ಸಂಗತಿ.

"ಬೇಗ ಉಂಡು ರೆಡಿಯಾಗಿ. ಲಾಟೀನು ತರೋಕೆ ಹೋಗ್ತಿದ್ದೀವಿ."

"ಯಾವ ಲಾಟೀನು?"

"ಚಾರ್ಜ್ ಮಾಡೋ ಲಾಟೀನು. ಟೆಂಟಿನೊಳಗೆ ದೀಪಕ್ಕೂ ಆಗುತ್ತೆ, ನಿಮ್ಮ ಕಿವಿ ಮಷಿನ್ನಿಗೆ ಚಾರ್ಜ್ ಹಾಕೋಕೂ ಆಗುತ್ತೆ. ಈ ಸಲ ಮೂರು ದಿನವೂ ಅಲ್ಲೇ ಇದ್ದು ಬರ್ತೀರಿ."

"ನಾನು ಹೋಗಲ್ಲ ಅಂದೆನಲ್ಲ."

"ಅಂದಿರಿ. ನಾನು ಕೇಳಿಸಿಕೊಳ್ಳಲಿಲ್ಲ."

ಇವರು ತಟ್ಟೆಯನ್ನೇ ನೋಡುತ್ತಾ ಕೂತರು. ಹಿಂದಾಗಿದ್ದರೆ ತಿರುಗಿ ಏನಾದರೂ ಕೊಂಕು ಮಾತಾಡುತ್ತಿದ್ದರು. ಒಂದು ವರ್ಷದಿಂದ ಅದೂ ನಿಂತುಹೋಗಿತ್ತು, ಅದೇ ನನಗೆ ಸಹಿಸಲಾಗದ್ದು.

ಇವರು ಬಟ್ಟೆ ಗಿರಣಿಯಲ್ಲಿ ಮಗ್ಗದ ಫಿಟ್ಟರ್ ಆಗಿದ್ದವರು. ಕೈಯಲ್ಲಿ ಯಾವಾಗಲೂ ಸ್ಪ್ಯಾನರ್ ಇರುತ್ತಿದ್ದುದರಿಂದ ಗಿರಣಿಯಲ್ಲಿ ಇವರ ಹೆಸರೇ ಸ್ಪ್ಯಾನರ್ ಆಗಿಹೋಗಿತ್ತು. ಅಲ್ಲಿ ವರ್ಷಕ್ಕೊಂದು ವಾರ ಯಂತ್ರಗಳಿಗೆಲ್ಲ ರಜೆ. ಆ ವಾರದಲ್ಲಿ ಮಗ್ಗದ ಶೆಡ್ಡಿನ ಐದು ಜನ ಗೆಳೆಯರು ಟೆಂಟು ಹೊತ್ತುಕೊಂಡು ಕೆರೆಯ ದಡಕ್ಕೆ ಹೋಗಿ ಮೂರು ರಾತ್ರಿ ಇದ್ದು ಬರುತ್ತಿದ್ದರು. ಎಲ್ಲರೂ ನಿವೃತ್ತರಾದ ಮೇಲೂ ಅದು ತಪ್ಪಿರಲಿಲ್ಲ. ಹೋದ ವರ್ಷ ಮಾತ್ರ ಇವರು ಹೋದ ಮಾರನೆಯ ದಿನ ಮಧ್ಯಾಹ್ನವೇ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದುಬಿಟ್ಟರು.

"ಮಷಿನ್ ಸತ್ತುಹೋಯ್ತು. ಅಲ್ಲಿ ಕರೆಂಟ್ ಇಲ್ಲ. ಕಿವಿ ಕೇಳದೆ ಕೂತು ನಾನೇನು ಮಾಡಲಿ?" ಅಂದರು. ನಾನು ನಂಬಿದೆ. ಮಗಳು ಕೊಡಿಸಿದ ಮಷಿನ್ನು ಅದು, ಎರಡು ಕಿವಿಗೆ ಎರಡು. ಪ್ರತಿ ರಾತ್ರಿ ಅದನ್ನು ಪುಟ್ಟ ಡಬ್ಬಿಯಲ್ಲಿ ಮಲಗಿಸಿ ಡಬ್ಬಿಗೆ ವೈರು ಸಿಕ್ಕಿಸಿದರೆ ಮಾರನೆಯ ಹಗಲಿಗೆ ಉಸಿರು ಬರುತ್ತದೆ. ಸಿಕ್ಕಿಸದಿದ್ದರೆ ಇವರ ಕಿವಿ, ಮುಚ್ಚಿದ ಬಾಗಿಲು.

ಅಲ್ಲಿಂದ ಬಂದವರು ಇಳಿದುಹೋದರು. ಸಂಜೆ ತಿರುಗಾಟ ಬಿಟ್ಟರು. ಭಾನುವಾರ ತಪ್ಪದೆ ನಮ್ಮ ಮನೆಗೆ ಬರುತ್ತಿದ್ದ ಉದ್ದಣ್ಣನೂ ಬರುವುದು ನಿಲ್ಲಿಸಿದ. ಉದ್ದಣ್ಣ ಅಂದರೆ ಇವರ ಪಕ್ಕದ ಸಾಲಿನ ಮಗ್ಗಗಳನ್ನು ನಡೆಸುತ್ತಿದ್ದವನು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕಾದ ಎತ್ತರದ ಆಳು, ಇವರಿಗೆ ಮೂವತ್ತೈದು ವರ್ಷದ ಜೀವದ ಗೆಳೆಯ. ಅವನ ಹೆಂಡತಿ ಗಿರಣಿಯಲ್ಲಿ ಕಂಡಿಕೆಗೆ ನೂಲು ಸುತ್ತುವ ವಿಭಾಗದಲ್ಲಿದ್ದಳು, ನನ್ನ ಗೆಳತಿ. ಹೋದ ವರ್ಷದ ಕ್ಯಾಂಪಿಗೆ ಎರಡು ತಿಂಗಳ ಮುಂಚೆ ತೀರಿಕೊಂಡಳು. ಪಾಪ, ದುಃಖದಲ್ಲಿ ಎಲ್ಲಿಗೂ ಹೋಗದೆ ಕೂತಿದ್ದಾನೆ ಅಂದುಕೊಂಡು ನಾನು ಸುಮ್ಮನಿದ್ದೆ.

ಈ ವರ್ಷದ ದಿನ ಗೊತ್ತುಮಾಡಿ ಶೆಡ್ಡಿನ ಗೆಳೆಯರೊಬ್ಬರು ಫೋನ್ ಮಾಡಿದಾಗ ಇವರು "ನೋಡೋಣ" ಅಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಫೋನ್ ಇಟ್ಟ ಮೇಲೆ ನನ್ನ ಹತ್ತಿರ, "ಹೋಗಲ್ಲ" ಅಂದರು. ಈ ಸಲವೂ ಹೋಗದಿದ್ದರೆ ಇವರು ಇನ್ನೆಂದೂ ಹೋಗುವವರಲ್ಲ ಅಂತ ನನಗೆ ಗೊತ್ತಿತ್ತು. ಕಿಟಕಿಯ ಪಕ್ಕದ ಆ ಕುರ್ಚಿಯೇ ಇವರ ಊರಾಗಿಬಿಡುತ್ತಿತ್ತು. ನನಗೆ ಭಯವಾಗಿತ್ತು, ಭಯವಾದಾಗ ನಾನು ಬೈಯುತ್ತೇನೆ. ಬೈದೇ ಹೊರಡಿಸಿದೆ.

ಬಸ್ಸಿನಲ್ಲಿ ಕೂತು ಮಗಳು ಹೇಳಿಕೊಟ್ಟಿದ್ದನ್ನು ಮತ್ತೆ ಬಾಯಿಪಾಠ ಮಾಡಿಕೊಂಡೆ. "ಅಮ್ಮಾ, ಬಾಕ್ಸಿನ ಮೇಲೆ ಬ್ಯಾಟರಿ ಎಷ್ಟು ಅಂತ ಬರೆದಿರುತ್ತೆ, ಇಪ್ಪತ್ತು ಸಾವಿರ ಎಂಎಎಚ್‌ಗಿಂತ ಕಡಿಮೆ ತಗೋಬೇಡ. ದೊಡ್ಡ ನಂಬರ್ ಅಂದ್ರೆ ಜಾಸ್ತಿ ದಿನ." ನನಗೆ ಇಷ್ಟವಾದ ಬುದ್ಧಿಮಾತು. ನಂಬರು ಅಂದರೆ ವಾದವಿಲ್ಲದ ವಸ್ತು.

ಕ್ಯಾಂಪಿನ ಸಾಮಾನಿನ ಅಂಗಡಿ ಎರಡನೇ ಮಹಡಿಯಲ್ಲಿತ್ತು. ಹಗ್ಗ, ಬೂಟು, ಮಡಚುವ ಒಲೆ, ಗೋಡೆಗೆ ಒರಗಿಸಿದ ಟೆಂಟುಗಳು. ಅಂಗಡಿಯಾತ ನರೆತ ಕೂದಲನ್ನು ಹಿಂದಕ್ಕೆ ಜುಟ್ಟು ಕಟ್ಟಿಕೊಂಡಿದ್ದ, ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿತ್ತು. ಇಂಥವನಿಗೆ ವ್ಯಾಪಾರ ಬರುತ್ತದೆಯೇ ಅಂತ ನನಗೆ ಅನುಮಾನ. ಬಂತು, ಆದರೆ ಮಾರುವುದಕ್ಕಿಂತ ಹೆಚ್ಚಾಗಿ ತಡೆಯುವುದು ಬಂತು.

"ಇಪ್ಪತ್ತು ಸಾವಿರದ್ದು ತೋರಿಸಿ," ಅಂದೆ.

"ಏನು ಚಾರ್ಜ್ ಮಾಡ್ಬೇಕು ಮೇಡಂ?"

"ಇವರ ಕಿವಿ ಮಷಿನ್ನು. ಮೂರು ರಾತ್ರಿ. ಜೊತೆಗೆ ದೀಪ."

ಆತ ದೊಡ್ಡದೊಂದು ಲಾಟೀನು ಇಳಿಸಿದ. ಮೇಲೆ ಕೊಕ್ಕೆ, ಸುತ್ತಲೂ ರಬ್ಬರು, ಪಕ್ಕದಲ್ಲಿ ವೈರು ಸಿಕ್ಕಿಸುವ ಎರಡು ಕಿಂಡಿ. ಹಚ್ಚಿದರೆ ಹಗಲಲ್ಲೂ ಕಣ್ಣು ಕೋರೈಸುವ ಬಿಳಿ ಬೆಳಕು. ನಾನು ಬಾಕ್ಸು ತಿರುಗಿಸಿ ನಂಬರು ನೋಡಿದೆ, ಸರಿಯಾಗಿತ್ತು. ಚೀಲದ ಜಿಪ್ಪಿಗೆ ಕೈ ಹಾಕಿದೆ.

"ಸ್ವಲ್ಪ ತಡೀರಿ ಮೇಡಂ," ಅಂದ. "ಕಿಂಡಿ ಇದ್ದ ಮಾತ್ರಕ್ಕೆ ಎಲ್ಲಾನೂ ಚಾರ್ಜ್ ಆಗುತ್ತೆ ಅಂತಿಲ್ಲ. ಮಷಿನ್ನಿನ ಡಬ್ಬಿ ತಂದಿದ್ದೀರಾ? ಹಾಕಿ ನೋಡೋಣ."

ತಂದಿದ್ದೆ. ನಾನು ಏನನ್ನೂ ಬಿಟ್ಟುಬರುವವಳಲ್ಲ. ಇವರು ಮಷಿನ್ನುಗಳನ್ನು ಕಿವಿಯಿಂದ ತೆಗೆದು ಡಬ್ಬಿಯಲ್ಲಿಟ್ಟರು. ವೈರು ಸಿಕ್ಕಿಸಿದಾಗ ಡಬ್ಬಿಯ ಮೇಲೆ ಹಸಿರು ಚುಕ್ಕೆ ಹತ್ತಿತು. ನಾನು ಅಂಗಡಿಯಾತನನ್ನು ಗೆದ್ದವಳಂತೆ ನೋಡಿದೆ. ಅರ್ಧ ನಿಮಿಷವಾಗಿರಬೇಕು, ಚುಕ್ಕೆ ಆರಿಹೋಯಿತು.

"ಕೆಟ್ಟಿದೆಯಾ?"

"ಇಲ್ಲ. ಕಿವಿ ಮಷಿನ್ನು ಹನಿ ಹನಿಯಾಗಿ ಕುಡಿಯುತ್ತೆ. ಈ ದೊಡ್ಡ ಲಾಟೀನಿಗೆ ಅದು ಗೊತ್ತೇ ಆಗಲ್ಲ. ಯಾರೂ ಕುಡೀತಿಲ್ಲ ಅಂದ್ಕೊಂಡು ನಲ್ಲಿ ಮುಚ್ಚಿಬಿಡುತ್ತೆ. ಫೋನ್ ಆದ್ರೆ ಗಟಗಟ ಕುಡಿಯುತ್ತೆ, ಆಗ ನಡಿಯುತ್ತೆ. ಎಲ್ಲಾ ಲಾಟೀನೂ ಹೀಗಲ್ಲ, ಆದ್ರೆ ಇದು ಹೀಗೆ."

ನನ್ನ ಇಪ್ಪತ್ತು ಸಾವಿರದ ನಂಬರು ಅಲ್ಲಿಗೆ ಮಣ್ಣುಪಾಲಾಯಿತು. ಆತ ಒಳಗಿನಿಂದ ಇನ್ನೆರಡು ತಂದ. ಒಂದು ಉದ್ದನೆಯ ಟಾರ್ಚಿನಂಥದ್ದು. ಇನ್ನೊಂದು ಗಿಡ್ಡ, ಡಬ್ಬದ ಆಕಾರ, ಸುತ್ತ ಹಾಲುಬಣ್ಣದ ಮುಸುಕು. ಗಿಡ್ಡದಕ್ಕೆ ಸಿಕ್ಕಿಸಿದಾಗ ಹಸಿರು ಚುಕ್ಕೆ ಹತ್ತಿದ್ದು ಹಾಗೇ ಇತ್ತು. ಬಾಕ್ಸಿನ ಮೇಲೆ ಹತ್ತು ಸಾವಿರ ಅಂತಿತ್ತು. ಅದರಲ್ಲಿ ಕೈಗೆ ಸಿಗುವುದು ಆರು ಏಳು ಸಾವಿರವೇ, ಆದರೂ ದಿನಾ ಸಂಜೆ ದೀಪ ಉರಿಸಿಕೊಂಡು ಮೂರು ರಾತ್ರಿ ಆ ಡಬ್ಬಿಗೆ ಕುಡಿಸಿದರೂ ಮಿಗುತ್ತದೆ ಅಂತ ಆತ ಲೆಕ್ಕ ಹೇಳಿದ.

"ಆದ್ರೆ ಬೆಳಕು ಇದಕ್ಕಿಂತ ದೊಡ್ಡದಕ್ಕೇ ಜಾಸ್ತಿ," ಅಂದೆ. ಸೋತವರು ಹೇಳುವ ಮಾತು. "ಮರಕ್ಕೆ ತೂಗು ಹಾಕಿದ್ರೆ ಐದು ಜನಕ್ಕೂ ಸಾಕು. ನಲ್ಲಿ ಮುಚ್ಚದ ಹಾಗೆ ಫೋನೊಂದನ್ನ ಜೊತೆಗೆ ಸಿಕ್ಕಿಸಿದ್ರಾಯ್ತು."

ಅಷ್ಟು ಹೊತ್ತು ತುಟಿ ಪಿಟಕ್ ಅನ್ನದೆ ನಿಂತಿದ್ದ ಇವರು ಆಗ ಬಾಯಿ ಬಿಟ್ಟರು. ಮಷಿನ್ ಡಬ್ಬಿಯಲ್ಲಿದ್ದುದರಿಂದ ದನಿ ತೀರಾ ಜೋರಾಗಿತ್ತು, ಬೂಟು ನೋಡುತ್ತಿದ್ದ ಹುಡುಗಿಯರಿಬ್ಬರು ತಿರುಗಿ ನೋಡಿದರು.

"ಈ ದೊಡ್ಡದನ್ನ ಕತ್ತಲಲ್ಲಿ ಹಚ್ಚಿ ನೋಡಬಹುದಾ?"

ಅಂಗಡಿಯ ಹಿಂದೆ ಕಿಟಕಿಯಿಲ್ಲದ ಉಗ್ರಾಣವಿತ್ತು. ರಟ್ಟಿನ ಪೆಟ್ಟಿಗೆಗಳ ನಡುವೆ ನಾವು ಮೂವರು ನಿಂತೆವು. ಅಂಗಡಿಯಾತ ದೊಡ್ಡ ಲಾಟೀನನ್ನು ತೊಲೆಯ ಕೊಕ್ಕೆಗೆ ತೂಗುಹಾಕಿ ಬಾಗಿಲು ಮುಚ್ಚಿದ. ನಾನು ಡಬ್ಬಿಯನ್ನು ಇವರ ಮುಂದೆ ಹಿಡಿದು, ಮಷಿನ್ ಹಾಕಿಕೊಳ್ಳಿ ಎಂದು ಸನ್ನೆ ಮಾಡಿದೆ. ಇವರು ಬೇಡವೆಂದು ತಲೆಯಾಡಿಸಿದರು.

"ಅದು ರಾತ್ರಿ ಡಬ್ಬಿಲೇ ಇರುತ್ತಲ್ಲ. ಕತ್ತಲಾಗೋ ಹೊತ್ತಿಗೆ ಖಾಲಿಯಾಗಿರುತ್ತೆ, ಚಾರ್ಜಿಗೆ ಹಾಕಬೇಕು. ಅವರು ಮಾತಿಗೆ ಕೂರೋದೂ ಕತ್ತಲಾದ ಮೇಲೇನೇ. ಈಗ ನೀನು ಮಾತಾಡು. ದನಿ ಬೇಡ."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಯಾವ ಹೊತ್ತಿನಲ್ಲಿ ಇವರಿಗೆ ಕಿವಿ ಬೇಕೋ ಅದೇ ಹೊತ್ತಿನಲ್ಲಿ ಕಿವಿ ಡಬ್ಬಿಯಲ್ಲಿರುತ್ತದೆ. ವರ್ಷವಿಡೀ ಚಾರ್ಜು ಚಾರ್ಜು ಅಂದ ನನಗೆ ಇಷ್ಟು ಹೊಳೆದಿರಲಿಲ್ಲ.

ದನಿಯಿಲ್ಲದೆ ಮಾತಾಡುವುದು ನಮಗೆ ಹೊಸದಲ್ಲ. ಮಗ್ಗದ ಶೆಡ್ಡಿನಲ್ಲಿ ನೂರಿಪ್ಪತ್ತು ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದವು, ಪಕ್ಕದವನ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸದು. ಅದಕ್ಕೇ ಎಲ್ಲರೂ ತುಟಿಯಲ್ಲಿ ಮಾತಾಡುತ್ತಿದ್ದರು. ಬಾಯಿ ಅಗಲಿಸಿ, ಅಕ್ಷರ ಅಕ್ಷರ ಬಿಡಿಸಿ, ಅಗತ್ಯ ಬಿದ್ದಲ್ಲಿ ಕೈ ಸೇರಿಸಿ. ಮೂರು ಸಾಲು ಆಚೆ ನಿಂತವನ ಜೊತೆ ಮನೆಯ ಕಷ್ಟಸುಖ ಮಾತಾಡಬಹುದಿತ್ತು. ನಾನು ಗಾಜಿನ ಆಚೆ ಬಟ್ಟೆ ತಪಾಸಣೆಯ ಮೇಜಿನಲ್ಲಿದ್ದೆ. ನೇಯ್ದು ಬಂದ ಬಟ್ಟೆಯಲ್ಲಿ ಒಂದು ಎಳೆ ತಪ್ಪಿದ್ದರೂ ಹಿಡಿಯುವುದು ನನ್ನ ಕೆಲಸ. ಗಾಜಿನ ಈಚೆ ಇವರು, ಆಚೆ ನಾನು. ನಮ್ಮ ಮದುವೆಯ ಮಾತುಕತೆ ಆದದ್ದೇ ಹಾಗೆ. ಇಡೀ ಶೆಡ್ಡಿಗೆ ಅದು ಗೊತ್ತಾಗಿದ್ದೂ ಹಾಗೆಯೇ, ಓದಲು ಬರುವ ಕಣ್ಣುಗಳಿಗೆ ಅಲ್ಲಿ ಬರವಿರಲಿಲ್ಲ.

ಈಗ ಲಾಟೀನಿನ ಕೆಳಗೆ ನಿಂತು ತುಟಿಯಲ್ಲಿ ಅಂದೆ, "ನಿಮ್ಮಂಥ ಮೊಂಡರನ್ನ ನಾನು ಕಂಡಿಲ್ಲ."

ಇವರು ಕಣ್ಣು ಕಿರಿದು ಮಾಡಿ ನೋಡಿದರು. "ಮೂರು ಗಂಟೆನಾ?"

ಇನ್ನೊಮ್ಮೆ ಅಂದೆ. ಇವರು ಒಂದು ಕ್ಷಣ ತಡೆದು, ಮುಖದಲ್ಲಿ ನಗು ತಂದುಕೊಂಡು, ಹೂಂ ಹೂಂ ಎಂದು ತಲೆ ಆಡಿಸಿದರು.

ಆ ನಗು ನನಗೆ ಗೊತ್ತು. ಒಂದು ವರ್ಷದಿಂದ ಮನೆಯಲ್ಲಿ ನೋಡುತ್ತಿರುವ ನಗು. ಏನೂ ತಿಳಿಯದಿದ್ದಾಗ ತಿಳಿದವರ ಹಾಗೆ ತೋರಿಸುವ ನಗು ಅದು ಅಂತ ಹೊಳೆದದ್ದು ಮಾತ್ರ ಈಗ. ನಾನು ಇಪ್ಪತ್ತೆರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಟ್ಟೆಯ ದೋಷ ಹುಡುಕಿದವಳು, ಮನೆಯಲ್ಲೇ ಇದ್ದ ಈ ಎಳೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಸುಮ್ಮನೆ ಅಲ್ಲ.

ತಲೆಯೆತ್ತಿ ನೋಡಿದೆ. ಬೆಳಕು ಜೋರಾಗಿಯೇ ಇತ್ತು, ಆದರೆ ನೆತ್ತಿಯ ಮೇಲಿತ್ತು. ಮೂಗಿನ ನೆರಳು ಬಾಯಿಯ ಮೇಲೆ ಬಿದ್ದು ಇವರ ತುಟಿಗಳೇ ನನಗೆ ಕಾಣುತ್ತಿರಲಿಲ್ಲ, ನನ್ನವು ಇವರಿಗೆ ಹೇಗೆ ಕಂಡಾವು? ತಪಾಸಣೆಯ ಮೇಜಿನಲ್ಲಿ ನಮಗೆ ಮೊದಲ ದಿನ ಕಲಿಸುತ್ತಿದ್ದ ಪಾಠವೇ ಇದು, ಮೇಲಿಂದ ಸುರಿಯುವ ಬೆಳಕಲ್ಲಿ ತಪ್ಪು ಅಡಗಿಕೊಳ್ಳುತ್ತದೆ, ಬೆಳಕನ್ನು ತಗ್ಗಿಸಿ ಎದುರಿಗಿಟ್ಟುಕೋ ಅಂತ.

"ಇದನ್ನ ಆರಿಸಿ," ಅಂದೆ ಅಂಗಡಿಯಾತನಿಗೆ. "ಆ ಗಿಡ್ಡದನ್ನ ಕೊಡಿ."

ಗಿಡ್ಡ ಲಾಟೀನನ್ನು ಹಚ್ಚಿ ನಮ್ಮಿಬ್ಬರ ನಡುವಿನ ಪೆಟ್ಟಿಗೆಯ ಮೇಲೆ, ಎದೆಯ ಮಟ್ಟಕ್ಕೆ ಇಟ್ಟೆ. ಹಾಲು ಮುಸುಕಿನಿಂದ ಹಳದಿ ಬೆಳಕು ಕಣ್ಣು ಚುಚ್ಚದೆ ಸುತ್ತ ಹರಡಿತು. ಇವರ ಮುಖ ಗದ್ದದಿಂದ ಹಣೆಯವರೆಗೆ ಸ್ಪಷ್ಟವಾಗಿ ಕಂಡಿತು. ಎಷ್ಟು ಇಳಿದುಹೋಗಿದೆ ಈ ಮುಖ ಅನ್ನಿಸಿತು.

"ನಿಮ್ಮಂಥ ಮೊಂಡರನ್ನ ನಾನು ಕಂಡಿಲ್ಲ."

"ಕನ್ನಡಿ ನೋಡ್ಕೊಂಡಿಲ್ವಾ?" ಅಂದರು ಇವರು, ತುಟಿಯಲ್ಲೇ.

ವರ್ಷದ ಮೇಲೆ ಬಂದ ಮೊದಲ ಕೊಂಕು ಅದು. ನನಗೆ ಅಳು ಬರುವ ಹಾಗಾಯಿತು. ಅಂಗಡಿಯಾತ ಪಾಪ ಒಮ್ಮೆ ನನ್ನನ್ನು, ಒಮ್ಮೆ ಇವರನ್ನು ನೋಡುತ್ತಾ ನಿಂತಿದ್ದ. ಅವನಿಗೆ ಇಬ್ಬರು ಮುದುಕರು ಸುಮ್ಮನೆ ಬಾಯಿ ಆಡಿಸುತ್ತಿರುವುದಷ್ಟೇ ಕಂಡಿದ್ದು. ಬಹುಶಃ ಅವನಿಗೆ ಏನೂ ಕೇಳಿಸುವುದಿಲ್ಲ ಅನ್ನುವ ಧೈರ್ಯದಿಂದಲೇ ಇವರು ಆ ಮಾತು ತೆಗೆದರು.

"ಹೋದ ವರ್ಷ ಮಷಿನ್ ಸತ್ತದ್ದು ನಿಜ. ಆದ್ರೆ ನಾನು ಎದ್ದು ಬಂದದ್ದು ಅದಕ್ಕಲ್ಲ."

"ಮತ್ತೆ?"

"ರಾತ್ರಿ ಊಟ ಆಗಿ ಎಲ್ಲಾ ಕೂತಿದ್ವಿ. ಲಾಟೀನು ಮರಕ್ಕೆ ಕಟ್ಟಿದ್ರು. ಒಬ್ಬೊಬ್ಬರೂ ಏನೇನೋ ಹೇಳ್ತಿದ್ರು, ನಗ್ತಿದ್ರು. ನನಗೆ ಯಾರ ಬಾಯಿನೂ ಕಾಣ್ತಿರ್ಲಿಲ್ಲ. ಅವರು ನಕ್ಕಾಗ ನಾನೂ ನಗ್ತಿದ್ದೆ. ಆಮೇಲೆ ಉದ್ದ ಶುರು ಮಾಡಿದ. ತಲೆ ಬಗ್ಗಿಸಿಕೊಂಡು ಹೇಳ್ತಿದ್ದ. ಅವನ ಭುಜ ಕುಣೀತಿತ್ತು. ನಮ್ಮ ಹಳೇ ಮ್ಯಾನೇಜರನ ಕತೆ ಹೇಳುವಾಗ ಅವನ ಭುಜ ಹಾಗೇ ಕುಣಿಯೋದು. ನಾನು ಜೋರಾಗಿ ನಕ್ಕೆ. ಬೆನ್ನಿಗೆ ಹೊಡೆದೆ. ಇನ್ನೊಂದು ಬಿಡು, ಇನ್ನೊಂದು ಬಿಡು ಅಂದೆ."

ಇವರು ಲಾಟೀನನ್ನು ತಮ್ಮ ಮುಖದ ಹತ್ತಿರಕ್ಕೆ ಎಳೆದುಕೊಂಡರು.

"ಅವನು ಅಳ್ತಾ ಹೆಂಡತಿಯ ಕೊನೇ ದಿನದ ವಿಷಯ ಹೇಳ್ತಿದ್ದನಂತೆ. ಅವಳು ಹೋದ ಮೇಲೆ ಮೊದಲ ಸಲ ಬಾಯಿ ಬಿಟ್ಟಿದ್ದನಂತೆ. ಬೆಳಿಗ್ಗೆ ಒಬ್ಬರು ನನಗೆ ತಿಳಿಸಿದ್ರು. ನಾನು ಅವನ ಮುಖ ನೋಡೋಕಾಗದೆ ಚೀಲ ಎತ್ಕೊಂಡು ಬಂದ್ಬಿಟ್ಟೆ."

"ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಅಂತ ಅನ್ನಬಾರದಿತ್ತಾ?"

ಇವರು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ವಾಸಿಯಿತ್ತು.

"ಎಷ್ಟು ಸಲ ಕೇಳೋದು? ಎರಡನೇ ಸಲ ಕೇಳಿದ್ರೆ ಜನಕ್ಕೆ ಬೇಜಾರು. ಮೂರನೇ ಸಲ, ಏನಿಲ್ಲ ಬಿಡಿ ಅಂತಾರೆ."

ಏನಿಲ್ಲ ಬಿಡಿ. ಅದು ಜನರ ಮಾತಲ್ಲ, ನನ್ನ ಮಾತು. ದಿನಕ್ಕೆ ಹತ್ತು ಸಲ ನಾನು ಹೇಳುವ ಮಾತು. ಒಲೆಯ ಮುಂದೆ ನಿಂತು ಬೆನ್ನು ತಿರುಗಿಸಿಕೊಂಡೇ ಏನೋ ಅನ್ನುತ್ತೇನೆ, ಇವರು "ಏನು?" ಅನ್ನುತ್ತಾರೆ, ಇನ್ನೊಮ್ಮೆ ಅನ್ನುತ್ತೇನೆ, ಮತ್ತೆ "ಏನು?" ಅಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಅಂತ ಗೊಣಗಿ "ಏನಿಲ್ಲ ಬಿಡಿ" ಅನ್ನುತ್ತೇನೆ. ಇವರಿಗೆ ಕೇಳುವುದನ್ನು ಬಿಡಿಸಿ, ನಗುವುದನ್ನು ಕಲಿಸಿದವಳು ನಾನು. ಕೆರೆಯ ದಡದಲ್ಲಿ ಗೆಳೆಯನ ಬೆನ್ನಿಗೆ ಬಿದ್ದ ಆ ಏಟಿನಲ್ಲಿ ನನ್ನ ಕೈಯೂ ಇತ್ತು. ನನಗೆ ನಾಚಿಕೆಯಾಯಿತು, ಉಗ್ರಾಣದ ಕತ್ತಲೆಯೊಳಗೇ ಎಲ್ಲಾದರೂ ಅಡಗಿಕೊಳ್ಳಬೇಕು ಅನ್ನಿಸುವಷ್ಟು.

"ತಪ್ಪು ನನ್ನದು," ಅಂದೆ. ತುಟಿಯಲ್ಲಿ ಅನ್ನುವುದು ಸುಲಭವಾಯಿತು, ದನಿಯಲ್ಲಾಗಿದ್ದರೆ ಅರ್ಧಕ್ಕೆ ಒಡೆಯುತ್ತಿತ್ತು. "ಇನ್ನು ಮೇಲೆ ಹತ್ತು ಸಲ ಕೇಳಿ. ಹತ್ತು ಸಲ ಹೇಳ್ತೀನಿ."

"ಹತ್ತು ಸಲ ಬೈದು ಹೇಳ್ತೀಯ."

"ಬೈದೇ ಹೇಳ್ತೀನಿ. ಹೇಳ್ತೀನಲ್ಲ."

ಅಂಗಡಿಯಾತ ಮೆಲ್ಲನೆ ಕೆಮ್ಮಿ, "ಯಾವುದು ಕೊಡಲಿ ಮೇಡಂ?" ಅಂದ. ನಾನು ಇವರ ಕಡೆ ಕೈ ತೋರಿಸಿದೆ. ಇವರು ಗಿಡ್ಡ ಲಾಟೀನನ್ನು ಎತ್ತಿಕೊಂಡು, ಬೆಳಕನ್ನು ಕಡಿಮೆ ಮಾಡಿ, ಹೆಚ್ಚು ಮಾಡಿ, ನನ್ನ ಮುಖಕ್ಕೆ ಹಿಡಿದು ನೋಡಿ, ಇದೇ ಅಂದರು. ಆಯ್ಕೆ ಮಾಡಿದ್ದು ಇವರೇ. ನಮ್ಮ ಮನೆಯ ಇತಿಹಾಸದಲ್ಲಿ ಇದನ್ನು ಬರೆದಿಡಬೇಕು.

ಬಸ್ ಸ್ಟಾಪಿನಲ್ಲಿ ನಮ್ಮ ಬಸ್ಸು ಬಂದು ನಿಂತರೂ ಇವರು ಹತ್ತಲಿಲ್ಲ. "ಉದ್ದನ ಮನೆಗೆ ಹೋಗೋಣ," ಅಂದರು. ನನ್ನ ಬಾಯಲ್ಲಿ ಇಪ್ಪತ್ತು ಪ್ರಶ್ನೆ ಇತ್ತು. ಮೊದಲು ಫೋನ್ ಮಾಡಬೇಕಲ್ಲವೇ, ಅವನು ಬಾಗಿಲು ತೆಗೆಯದಿದ್ದರೆ, ಬೈದರೆ. ಎಲ್ಲವನ್ನೂ ನುಂಗಿಕೊಂಡು ನಡೆದೆ.

ಉದ್ದಣ್ಣ ನಿವೃತ್ತನಾದ ಮೇಲೆ ಬೆತ್ತದ ಕುರ್ಚಿ ಹೆಣೆಯುವ ಕೆಲಸ ಹಿಡಿದಿದ್ದ. ಮನೆಯ ಹಿಂದಿನ ಕೋಣೆಯೇ ಅವನ ಕಾರ್ಖಾನೆ. ಸಂಜೆ ಐದಾಗಿರಬೇಕು. ಬಾಗಿಲು ತೆರೆದೇ ಇತ್ತು, ಒಳಗೆ ಸಣ್ಣ ಕಿಟಕಿಯಿಂದ ಬರುವಷ್ಟೇ ಬೆಳಕು. ಸೂರಿನ ಬಲ್ಬು ಸುಟ್ಟುಹೋಗಿ ಕಪ್ಪಾಗಿತ್ತು. ಸ್ಟೂಲು ಇಲ್ಲದೆ ಕೈ ಎತ್ತಿ ಬಲ್ಬು ಬದಲಾಯಿಸಬಲ್ಲ ಮನುಷ್ಯ, ಎಷ್ಟು ತಿಂಗಳಿಂದ ಹಾಗೇ ಬಿಟ್ಟಿದ್ದನೋ. ಮೊಣಕಾಲ ನಡುವೆ ಕುರ್ಚಿಯ ಚೌಕಟ್ಟು ಇಟ್ಟುಕೊಂಡು ಬೆರಳಿನ ಅಂದಾಜಿನಲ್ಲೇ ಬೆತ್ತ ಎಳೆಯುತ್ತಿದ್ದ.

ತಲೆ ಎತ್ತಿ ನಮ್ಮನ್ನು ನೋಡಿದ. "ಬನ್ನಿ ಅತ್ತಿಗೆ," ಅಂದ ನನಗೆ ಮಾತ್ರ.

ಇವರು ಎರಡು ಕುರ್ಚಿಯ ಚೌಕಟ್ಟು ಸರಿಸಿ, ಅವನೆದುರು ಒಂದು ಪೆಟ್ಟಿಗೆ ಎಳೆದುಕೊಂಡು ಕೂತರು. ಲಾಟೀನನ್ನು ಬಾಕ್ಸಿನಿಂದ ತೆಗೆದು ನಡುವೆ ಇಟ್ಟು ಹಚ್ಚಿದರು. ಮಷಿನ್ನಿನ ಡಬ್ಬಿಯನ್ನು ಜೇಬಿನಿಂದ ತೆಗೆದು ಅದಕ್ಕೆ ಸಿಕ್ಕಿಸಿದರು. ಉದ್ದಣ್ಣನ ಮುಖದ ಮೇಲೆ ಬೆಳಕು ಬಿತ್ತು. ವಾರದ ಗಡ್ಡ, ಕಣ್ಣಿನ ಕೆಳಗೆ ಚೀಲ.

"ಆವತ್ತು ನನಗೆ ಕೇಳಿಸಿರಲಿಲ್ಲ," ಅಂದರು ಇವರು ದನಿಯೆತ್ತಿ. "ನಿನ್ನ ಬಾಯಿನೂ ಕಾಣ್ತಿರಲಿಲ್ಲ. ಗೊತ್ತಾಗದೆ ನಕ್ಕುಬಿಟ್ಟೆ."

ಉದ್ದಣ್ಣ ಬೆತ್ತವನ್ನು ಕೆಳಗಿಟ್ಟ. ಅವನು ಉತ್ತರ ಕೊಟ್ಟದ್ದು ತುಟಿಯಲ್ಲಿ, ಶೆಡ್ಡಿನ ಹಾಗೆ ಅಗಲವಾಗಿ, ಬಿಡಿಸಿ ಬಿಡಿಸಿ.

"ನಿನಗೆ ಕೇಳಿಸಿಲ್ಲ ಅಂತ ಆಗಲೇ ಗೊತ್ತಿತ್ತು, ಸ್ಪ್ಯಾನರ್. ನಮ್ಮಲ್ಲಿ ಯಾರಿಗೆ ತಾನೇ ಪೂರ್ತಿ ಕೇಳಿಸುತ್ತೆ? ನಕ್ಕಿದ್ದು ಚುಚ್ಚಿತು, ಸುಳ್ಳು ಹೇಳಲ್ಲ. ಆದ್ರೆ ಬೆಳಿಗ್ಗೆ ಹೊತ್ತಿಗೆ ಹೋಗಿತ್ತು. ನಿನಗೆ ಹೇಳೋಣ ಅಂತ ಟೀ ಹಿಡ್ಕೊಂಡು ಬಂದೆ. ನಿನ್ನ ಟೆಂಟೇ ಇರಲಿಲ್ಲ. ಅವಳು ಹೋದಳು, ಎರಡು ತಿಂಗಳಿಗೆ ನೀನೂ ಎದ್ದು ಹೋದೆ. ಇಡೀ ವರ್ಷ ಒಂದು ಸಲ ಬಾಗಿಲಿಗೆ ಬರಲಿಲ್ಲ."

ಇವರು ತಲೆ ತಗ್ಗಿಸಿದರು. ತಗ್ಗಿಸಿದರೆ ಎದುರಿನವನ ಮಾತು ಕಾಣುವುದಿಲ್ಲ, ಆದ್ದರಿಂದ ಮತ್ತೆ ಎತ್ತಿದರು.

"ಈಗ ಹೇಳು," ಅಂದರು. "ಆವತ್ತು ಹೇಳಿದ್ದನ್ನ ಮೊದಲಿಂದ ಹೇಳು."

ಉದ್ದಣ್ಣ ಮೊಣಕಾಲ ನಡುವಿನ ಚೌಕಟ್ಟನ್ನು ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಅವನ ತುಟಿಗಳು ಅಲುಗಿದವು. ಅವಳು ಆ ಬೆಳಿಗ್ಗೆ ಎದ್ದು ಕೂತಿದ್ದಳು ಅನ್ನುವಷ್ಟನ್ನು ನಾನು ಓದಿದೆ.

ಶೆಡ್ಡಿನಲ್ಲಿ ಒಂದು ಮರ್ಯಾದೆಯಿತ್ತು. ದನಿಯ ಮಾತಾದರೆ ಗುಟ್ಟು ಹೇಳಲು ದೂರ ಹೋಗಬಹುದು, ತುಟಿಯ ಮಾತಿಗೆ ಎಲ್ಲಿ ಹೋದರೂ ಕಣ್ಣುಗಳಿದ್ದವು. ಹಾಗಾಗಿ ಇಬ್ಬರು ಹೃದಯದ ಮಾತು ಆಡುತ್ತಿದ್ದಾರೆ ಅಂತ ಗೊತ್ತಾದರೆ ಉಳಿದವರು ತಮ್ಮ ಮಗ್ಗದ ಕಡೆ ತಿರುಗಿಬಿಡಬೇಕು. ನಾನು ಆ ಮರ್ಯಾದೆಯನ್ನು ಒಂದು ದಿನವೂ ಪಾಲಿಸಿದವಳಲ್ಲ, ಗಾಜಿನಾಚೆ ಕೂತು ಇಡೀ ಗಿರಣಿಯ ಗುಟ್ಟು ಓದಿದವಳು. ಸತ್ತವಳು ನನ್ನ ಗೆಳತಿ. ಅವಳ ಕೊನೆಯ ದಿನ ಹೇಗಿತ್ತು ಅಂತ ತಿಳಿಯುವ ಆಸೆ ನನಗೂ ಇತ್ತು.

ನಾನು ಗೋಡೆಯ ಕಡೆ ತಿರುಗಿ ನಿಂತೆ. ಮೊಳೆಗಳಿಗೆ ಸಿಕ್ಕಿಸಿದ ಬೆತ್ತದ ಸುರುಳಿಗಳು, ಒಂದು ಕತ್ತರಿ, ಅರ್ಧ ಹೆಣೆದ ಕುರ್ಚಿಯ ಬೆನ್ನು. ಗೋಡೆಯ ಮೇಲೆ ಇಬ್ಬರ ನೆರಳು ದೊಡ್ಡದಾಗಿ ಬಿದ್ದಿತ್ತು, ಆ ನೆರಳಿಗೆ ತುಟಿ ಇರಲಿಲ್ಲ. ಕೋಣೆಯಲ್ಲಿ ಸದ್ದೇ ಇಲ್ಲ. ಒಮ್ಮೆ ಉದ್ದಣ್ಣ ಮೂಗು ಒರೆಸಿಕೊಂಡದ್ದು ಕೇಳಿಸಿತು. ಈಗ ಇವರು ಗೊತ್ತಾಗದಿದ್ದರೂ ಹೂಂ ಅಂದುಬಿಟ್ಟರೆ ಅನ್ನುವ ಹೆದರಿಕೆಯಿಂದ ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದೆ.

ಇವರ ದನಿ ಕೇಳಿಸಿತು, ತಮ್ಮ ದನಿ ತಮಗೇ ಕೇಳದವರ ಆ ಜೋರು ದನಿ.

"ಕೊನೇ ಮಾತು ಗೊತ್ತಾಗಲಿಲ್ಲ. ಇನ್ನೊಂದು ಸಲ ಹೇಳು."

ಮತ್ತೆ ಕೋಣೆ ನಿಶ್ಶಬ್ದವಾಯಿತು. ಉದ್ದಣ್ಣ ಇನ್ನೊಂದು ಸಲ ಹೇಳುತ್ತಿದ್ದಾನೆ ಅಂತ ನನಗೆ ಗೊತ್ತಾಯಿತು.